ಕೆಸರಲ್ಲಿ ಹೂತ ಗಾಡಿ ಎಳೆಯೋಕೆ ಯಾವ ಹಗ್ಗ, ಯಾವ ಶ್ಯಾಕಲ್? ಮಳೆಗಾಲಕ್ಕೆ ಮೊದಲು ತಿಳಿದಿರಬೇಕಾದ ಲೆಕ್ಕ

ಸಕಲೇಶಪುರ: ಮುಂಗಾರು ಹಿಡಿದು ಎರಡು ವಾರ ಕಳೆಯಿತೆಂದರೆ ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ತೋಟದ ರಸ್ತೆಗಳಲ್ಲಿ ಗಾಡಿ ಹೂತುಕೊಳ್ಳುವುದು ಸುದ್ದಿಯೇ ಅಲ್ಲ. ಮೊದಲೆಲ್ಲ ಹೂತುಕೊಳ್ಳುತ್ತಿದ್ದದ್ದು ಎಸ್ಟೇಟ್ ಜೀಪು, ಪಿಕಪ್. ಈಗ ವಾರಾಂತ್ಯಕ್ಕೆ ಬಿಸಿಲೆ ಕಡೆ ಬರುವ ಥಾರ್, ಜಿಮ್ನಿಗಳೂ ಸಾಲಿಗೆ ಸೇರಿವೆ. ಸುದ್ದಿಯಾಗಬೇಕಾದ್ದು ಅವುಗಳನ್ನು ಹೊರಗೆಳೆಯುವ ರೀತಿ. ಸಿಕ್ಕ ಹಗ್ಗ, ಸಿಕ್ಕ ಸರಪಳಿ, ಸಿಕ್ಕ ಜಾಗಕ್ಕೆ ಒಂದು ಗಂಟು, ಸುತ್ತ ಹತ್ತು ಜನ ನಿಂತು 'ಎಳಿ ಎಳಿ' ಅನ್ನೋದು. ಹಗ್ಗ ತುಂಡಾದರೆ ಅಥವಾ ಕಟ್ಟಿದ ಕಬ್ಬಿಣ ಕಿತ್ತು ಬಂದರೆ ಅದು ಹಾರೋದು ಆ ಹತ್ತು ಜನ ನಿಂತಿರುವ ಕಡೆಗೇ.

ಎಳೆಯುವ ಸಾಮಾನು ಕೊಳ್ಳುವವರು, ಮಾರುವವರು ಇಬ್ಬರೂ ಗಮನಿಸಬೇಕಾದ ವಿಷಯ ಒಂದೇ: ಸಾಮಾನು ಗಟ್ಟಿ ಇದೆಯೋ ಇಲ್ಲವೋ ಅನ್ನೋದು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗಲ್ಲ, ಅದರ ಮೇಲೆ ಬರೆದ ಅಂಕಿ ನೋಡಬೇಕು. ಆ ಅಂಕಿ ನೋಡುವ ಮುಂಚೆ ನಿಮ್ಮ ಗಾಡಿಯ ತೂಕ ಗೊತ್ತಿರಬೇಕು.

ಎಷ್ಟು ಬಲ ಬೇಕು?

ಗಾಡಿ ಚಕ್ರದ ಮಟ್ಟಕ್ಕೆ ಹೂತಿದ್ದರೆ ಅದನ್ನು ಎಳೆಯೋಕೆ ಸರಿಸುಮಾರು ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಇಳಿದಿದ್ದರೆ ಎರಡು ಪಟ್ಟು. ಅದಕ್ಕೂ ಮೇಲೆ ಹೋದರೆ ಮೂರು ಪಟ್ಟು. ಅಮೆರಿಕದ ಸೇನೆಯ ವಾಹನ ರಿಕವರಿ ಕೈಪಿಡಿಗಳು ಬಳಸುವ ಅಂದಾಜು ಇದು, ನಮ್ಮ ಕೆಂಪು ಜೇಡಿಗೂ ಹೊಂದುತ್ತದೆ. ಏರಿನಲ್ಲಿ ಎಳೆಯಬೇಕಾದರೆ ಇದರ ಮೇಲೆ ಇನ್ನಷ್ಟು. ಅಂದರೆ ಜನ, ಲಗೇಜು ಸೇರಿ 2,200 ಕೆ.ಜಿ. ತೂಗುವ ಗಾಡಿ ಮಡ್‌ಗಾರ್ಡ್‌ವರೆಗೆ ಕೂತರೆ ಹಗ್ಗದ ಮೇಲೆ ಬೀಳುವ ಭಾರ ನಾಲ್ಕೂವರೆ ಟನ್ ಹತ್ತಿರ. ತೆಂಗಿನಕಾಯಿ ಮೂಟೆ ಕಟ್ಟುವ ನೈಲಾನ್ ಹಗ್ಗವನ್ನು ನಾಲ್ಕು ಮಡಿಕೆ ಮಾಡಿದರೂ ಇದು ಅದರ ಕೆಲಸವಲ್ಲ.

ಈ ಬಲ ಕಡಿಮೆ ಮಾಡುವ ಉಪಾಯ ಹಗ್ಗದಲ್ಲಿಲ್ಲ, ಸಲಿಕೆಯಲ್ಲಿದೆ. ಚಕ್ರದ ಮುಂದಿನ ಕೆಸರು, ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡಿನ ಕೆಳಗಿನ ಮಣ್ಣು ತೆಗೆದರೆ ಎರಡು ಪಟ್ಟಿನ ಕೆಲಸ ಒಂದು ಪಟ್ಟಿಗೆ ಇಳಿಯುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮೊದಲ ಸಾಮಾನು ಸಲಿಕೆ. ಎರಡನೆಯದು ಟೈರ್ ಗಾಳಿ ನೋಡುವ ಗೇಜ್ ಮತ್ತು 12 ವೋಲ್ಟ್‌ನ ಸಣ್ಣ ಕಂಪ್ರೆಸರ್. 30-32 ಪಿಎಸ್‌ಐ ಇರುವ ಗಾಳಿಯನ್ನು 18ರ ಆಸುಪಾಸಿಗೆ ಇಳಿಸಿದರೆ ಟೈರ್ ಅಗಲವಾಗಿ, ಉದ್ದವಾಗಿ ನೆಲ ಹಿಡಿಯುತ್ತದೆ. ಅರ್ಧಕ್ಕರ್ಧ ಗಾಡಿಗಳು ಇಷ್ಟರಲ್ಲೇ ತಾವಾಗಿ ಎದ್ದು ಬರುತ್ತವೆ. ಆದರೆ ಟಾರ್ ರಸ್ತೆಗೆ ಹತ್ತುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು. ಕಂಪ್ರೆಸರ್ ಇಲ್ಲದೆ ಗಾಳಿ ಬಿಟ್ಟರೆ ಹತ್ತಿರದ ಪಂಕ್ಚರ್ ಅಂಗಡಿವರೆಗೆ ತೆವಳಿಕೊಂಡೇ ಹೋಗಬೇಕು.

ಗೋಣಿಚೀಲ, ಕಲ್ಲು, ಸೌದೆ ತುಂಡು ಚಕ್ರದ ಕೆಳಗೆ ಕೊಡುವ ಹಳೇ ಪದ್ಧತಿಯಲ್ಲಿ ತಪ್ಪೇನಿಲ್ಲ. ಪ್ಲಾಸ್ಟಿಕ್ ಹಲ್ಲಿನ ಟ್ರ್ಯಾಕ್ಷನ್ ಬೋರ್ಡ್ ಮಾಡೋದೂ ಅದೇ ಕೆಲಸ, ಸ್ವಲ್ಪ ಚೊಕ್ಕಟವಾಗಿ. ಯಾವುದನ್ನೇ ಇಟ್ಟರೂ ಚಕ್ರದ ಹಿಂದೆ ಯಾರೂ ನಿಲ್ಲಬಾರದು, ತಿರುಗುವ ಟೈರು ಅದನ್ನು ಹಿಂದಕ್ಕೆ ಎಸೆಯುತ್ತದೆ. ಮಳೆಗಾಲ ಪೂರ್ತಿ ಟೈರಿಗೆ ಚೈನ್ ಕಟ್ಟಿಕೊಂಡು ಓಡುವ ಎಸ್ಟೇಟ್ ಜೀಪುಗಳಿಗೆ ಈ ತಾಪತ್ರಯ ಕಡಿಮೆ. ಆ ಚೈನ್ ಹಾಕಿಕೊಂಡು ಪೇಟೆಗೆ ಬಂದರೆ ರಸ್ತೆ, ಟೈರು ಎರಡೂ ಹಾಳು, ಅದು ಬೇರೆ ಮಾತು.

ಹಗ್ಗದಲ್ಲಿ ಎರಡು ಜಾತಿ

ಅಂಗಡಿಯಲ್ಲಿ 'ಟೋಯಿಂಗ್ ಬೆಲ್ಟ್' ಅಂತ ಕೇಳಿದರೆ ಕೈಗೆ ಬರೋದು ಎರಡರಲ್ಲಿ ಯಾವುದೂ ಆಗಿರಬಹುದು. ಒಂದು, ಪಾಲಿಯೆಸ್ಟರ್ ಪಟ್ಟಿ. ಇದು ಹಿಗ್ಗೋದು ತೀರಾ ಕಡಿಮೆ. ಕೆಟ್ಟು ನಿಂತ ಗಾಡಿಯನ್ನು ರಸ್ತೆಯಲ್ಲಿ ಎಳೆದೊಯ್ಯೋಕೆ, ನಿಧಾನವಾಗಿ ಬಿಗಿ ಮಾಡಿ ಎಳೆಯೋಕೆ ಸರಿ. ಎರಡು, ನೈಲಾನ್‌ನ ಸ್ನ್ಯಾಚ್ ಪಟ್ಟಿ ಅಥವಾ ಹೆಣೆದ ಕೈನೆಟಿಕ್ ಹಗ್ಗ. ಸ್ನ್ಯಾಚ್ ಪಟ್ಟಿ ತನ್ನ ಉದ್ದದ ಶೇ. 20ರಷ್ಟು, ಕೈನೆಟಿಕ್ ಹಗ್ಗ ಶೇ. 30ರವರೆಗೂ ಹಿಗ್ಗುತ್ತದೆ. ಮುಂದಿನ ಗಾಡಿ ಹೋದಂತೆ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ಆ ಶಕ್ತಿಯಿಂದ ಹೂತ ಗಾಡಿಯನ್ನು ಮೃದುವಾಗಿ ಕಿತ್ತು ತರುತ್ತದೆ.

ಅನಾಹುತ ಆಗೋದು ಇವೆರಡನ್ನು ಅದಲು ಬದಲು ಮಾಡಿದಾಗ. ಹಿಗ್ಗದ ಪಟ್ಟಿ ಅಥವಾ ಸರಪಳಿ ಕಟ್ಟಿ ಓಡಿಸಿಕೊಂಡು ಹೋಗಿ ಜಗ್ಗಿದರೆ ಸುತ್ತಿಗೆಯಲ್ಲಿ ಹೊಡೆದಂತೆ. ಹುಕ್ ಕೀಳುತ್ತೆ, ಇಲ್ಲವೇ ಸರಪಳಿ ತುಂಡಾಗುತ್ತೆ. ಸರಪಳಿ ಏನಿದ್ದರೂ ನಿಧಾನವಾಗಿ ಬಿಗಿ ಮಾಡಿ ಎಳೆಯೋಕೆ ಮಾತ್ರ.

ಸ್ನ್ಯಾಚ್ ಪಟ್ಟಿ ಕೊಳ್ಳುವಾಗ ದೊಡ್ಡದಿದ್ದಷ್ಟೂ ಒಳ್ಳೇದು ಅನ್ನುವ ನಂಬಿಕೆಯೂ ತಪ್ಪು. ಪಟ್ಟಿಯ ತುಂಡಾಗುವ ಭಾರ, ಅಂದರೆ ಲೇಬಲ್ ಮೇಲೆ ಎಂಬಿಎಸ್ ಅಂತ ಬರೆದಿರುವ ಅಂಕಿ, ಎರಡು ಗಾಡಿಗಳಲ್ಲಿ ಹಗುರವಾದದ್ದರ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕು. ಈ ಲೆಕ್ಕ ಆಸ್ಟ್ರೇಲಿಯಾದಲ್ಲಿ ರೂಢಿಯಲ್ಲಿದೆ. ಒಟ್ಟು ತೂಕ ಒಂದೂವರೆ ಟನ್ ಆಸುಪಾಸಿನ ಜಿಮ್ನಿಗೆ ಮೂರರಿಂದ ನಾಲ್ಕೂವರೆ ಟನ್ ಪಟ್ಟಿ ಸಾಕು. 2,200 ಕೆ.ಜಿ. ಗಾಡಿಗೆ ನಾಲ್ಕೂವರೆಯಿಂದ ಆರೂವರೆ ಟನ್. ಲಾರಿ ಎಳೆಯುವ ದಪ್ಪ ಪಟ್ಟಿಯನ್ನು ಜಿಮ್ನಿಗೆ ಹಾಕಿದರೆ ಅದು ಹಿಗ್ಗೋದೇ ಇಲ್ಲ, ಸರಪಳಿ ಹಾಕಿದಷ್ಟೇ ಜರ್ಕ್ ಹೊಡೆಯುತ್ತದೆ. ಲೇಬಲ್ ಇಲ್ಲದ, ಬರೀ 'ಹೆವಿ ಡ್ಯೂಟಿ' ಅಂತ ಪ್ರಿಂಟ್ ಹಾಕಿದ ಪಟ್ಟಿ ಎಷ್ಟೇ ಚಂದ ಕಂಡರೂ ಬಿಟ್ಟು ಬರೋದು ಲೇಸು. ತುದಿಯಲ್ಲಿ ಕಬ್ಬಿಣದ ಹುಕ್ ಹೊಲಿದಿರುವ ಪಟ್ಟಿಯಂತೂ ಬೇಡವೇ ಬೇಡ. ಎರಡೂ ಕಡೆ ಹೊಲಿದ ಕುಣಿಕೆ ಮಾತ್ರ ಇರಬೇಕು.

ಎಳೆಯುವಾಗ ಎರಡು ಮೂರು ಮೀಟರ್ ಸಡಿಲ ಬಿಟ್ಟು, ಲೋ ಗೇರ್‌ನಲ್ಲಿ ಹೊರಟರೆ ಸಾಕು. ವೇಗ ಎರಡು ಪಟ್ಟಾದರೆ ಹಗ್ಗದೊಳಗೆ ತುಂಬುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬರಲಿಲ್ಲ ಅಂತ ಇನ್ನೂ ಜೋರಾಗಿ ಹೋಗುವ ಬದಲು ಮತ್ತೆ ಸಲಿಕೆ ಹಿಡಿಯಬೇಕು. ಗಾಡಿಯನ್ನು ಅದು ಬಂದ ಜಾಡಿನಲ್ಲೇ ಹಿಂದಕ್ಕೆ ಎಳೆಯೋದು ಬಹುತೇಕ ಸುಲಭ.

ಕಟ್ಟೋದು ಎಲ್ಲಿಗೆ?

ಜೀವ ಹೋಗೋದು ಹೆಚ್ಚಾಗಿ ಇಲ್ಲಿ. ಈಚೆಗೆ ತುಂಬಾ ಗಾಡಿಗಳ ಹಿಂದೆ 'ಬಂಪರ್‌ಗೆ ಏಟು ಬೀಳದಿರಲಿ' ಅಂತ ಉಂಡೆ ತಲೆಯ ಟೋ ಬಾಲ್ ಹಾಕಿಸಿರುತ್ತಾರೆ. ಹಗ್ಗದ ಕುಣಿಕೆ ಹಾಕೋಕೆ ಅದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಟೋ ಬಾಲ್ ಇರೋದು ಟ್ರೈಲರ್ ಎಳೆಯೋಕೆ, ಜರ್ಕ್ ತಡೆಯೋಕಲ್ಲ. ಅದರ ಕತ್ತು ಮುರಿದರೆ ಕಬ್ಬಿಣದ ಉಂಡೆ ಹಿಗ್ಗಿದ ಹಗ್ಗದ ಜೊತೆ ಗುಂಡಿನ ಹಾಗೆ ಹಾರಿ ಹಿಂದಿನ ಗಾಡಿಯ ಗಾಜು ಸೀಳುತ್ತದೆ. ವಿದೇಶಗಳಲ್ಲಿ ಹೀಗೆ ಚಾಲಕರು ಸತ್ತ ಪ್ರಕರಣಗಳಿವೆ. ಬಂಪರ್, ಲೀಫ್ ಸ್ಪ್ರಿಂಗ್ ಶ್ಯಾಕಲ್, ಸ್ಟೇರಿಂಗ್ ರಾಡ್, ಆಕ್ಸಲ್ ಇವಕ್ಕೂ ಕಟ್ಟಬಾರದು. ಕಾರುಗಳಿಗೆ ಟೂಲ್ ಕಿಟ್ ಜೊತೆ ಬರುವ, ಬಂಪರ್ ಮುಚ್ಚಳ ತೆಗೆದು ತಿರುಪುವ ಕೊಂಡಿ ಸಮತಟ್ಟಾದ ರಸ್ತೆಯಲ್ಲಿ ಎಳೆದೊಯ್ಯಲು ಮಾತ್ರ. ಕೆಸರಿನಿಂದ ಕೀಳೋಕೆ ಅಲ್ಲ.

ಬೇಕಾಗಿರೋದು ಚಾಸಿಗೆ ನೇರವಾಗಿ ಬೋಲ್ಟ್ ಮಾಡಿದ ರಿಕವರಿ ಹುಕ್. ನಿಮ್ಮ ಗಾಡಿಗೆ ಅದು ಎಲ್ಲಿದೆ ಅನ್ನೋದನ್ನು ಮ್ಯಾನ್ಯುಯಲ್ ನೋಡಿ ಒಣ ನೆಲದಲ್ಲೇ ಹುಡುಕಿಟ್ಟುಕೊಳ್ಳುವುದು ಒಳ್ಳೇದು. ಕತ್ತಲಲ್ಲಿ, ಕೆಸರಲ್ಲಿ ಅಂಗಾತ ಮಲಗಿ, ಇಂಬಳ ಹತ್ತಿಸಿಕೊಂಡು ಹುಡುಕುವ ಕೆಲಸ ಅದಲ್ಲ. ಇಲ್ಲದ ಗಾಡಿಗೆ ಹಾಕಿಸಬೇಕಾದರೆ ಬಂಪರ್ ತಗಡಿಗೆ ವೆಲ್ಡಿಂಗ್ ಮಾಡಿ ಕೊಡುವ ವರ್ಕ್‌ಶಾಪ್‌ನಿಂದ ದೂರ ಇರಬೇಕು.

ಶ್ಯಾಕಲ್ ಮೇಲಿನ ಅಂಕಿ

ಹಗ್ಗ ಮತ್ತು ಹುಕ್ ನಡುವಿನ ಕೊಂಡಿಯೇ ಶ್ಯಾಕಲ್. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸುರಿದಿಟ್ಟಿರುವ ಜಿಂಕ್ ಬಣ್ಣದ ಡಿ ಶ್ಯಾಕಲ್‌ಗಳು ಗೇಟಿಗೆ, ಟಾರ್ಪಾಲಿಗೆ, ಬಾವಿ ಗಡಗಡೆಗೆ ಸರಿ. ಗಾಡಿ ಎಳೆಯುವ ಶ್ಯಾಕಲ್ ಮೇಲೆ ಡಬ್ಲ್ಯುಎಲ್‌ಎಲ್ ಅನ್ನುವ ಅಕ್ಷರ ಮತ್ತು ಟನ್ ಲೆಕ್ಕ ಉಬ್ಬಿಸಿ ಅಚ್ಚು ಹಾಕಿರುತ್ತದೆ. ಮುಕ್ಕಾಲು ಇಂಚಿನ ಬೋ ಶ್ಯಾಕಲ್‌ಗೆ 4.75 ಟನ್, ಐದು-ಎಂಟಾಂಶ ಇಂಚಿನದಕ್ಕೆ 3.25 ಟನ್ ಇರೋದು ರೂಢಿ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಪಟ್ಟಿ 8 ಟನ್, ಶ್ಯಾಕಲ್ 4.75 ಟನ್, ಹಾಗಾದರೆ ಶ್ಯಾಕಲ್ ಮೊದಲು ಮುರಿಯಲ್ಲವಾ? ಇಲ್ಲ. ಪಟ್ಟಿಯ ಎಂಬಿಎಸ್ ತುಂಡಾಗುವ ಭಾರ. ಶ್ಯಾಕಲ್‌ನ ಡಬ್ಲ್ಯುಎಲ್‌ಎಲ್ ದಿನನಿತ್ಯ ಕೆಲಸಕ್ಕೆ ಬಳಸಬಹುದಾದ ಭಾರ. ಒಳ್ಳೇ ಕಂಪನಿಯ ಶ್ಯಾಕಲ್ ಮುರಿಯಬೇಕಾದರೆ ಅದರ ಐದಾರು ಪಟ್ಟು ಬೇಕು. ಮಾರುವವರು ಈ ಎರಡು ಅಂಕಿಗಳನ್ನು ಗಿರಾಕಿಗೆ ಬಿಡಿಸಿ ಹೇಳಿ, ಬಿಲ್ಲಿನಲ್ಲೂ ಬರೆದು ಕೊಟ್ಟರೆ ಅವರಿಗೂ ಕ್ಷೇಮ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷಪೂರಿತ ಸರಕಿನಿಂದ ಆದ ಹಾನಿಗೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಯಾಗುತ್ತಾರೆ.

ಡೈನೀಮಾ ನಾರಿನಿಂದ ಹೆಣೆದ ಸಾಫ್ಟ್ ಶ್ಯಾಕಲ್ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಗುರ, ಹಾರಿ ಬಂದರೂ ಕಬ್ಬಿಣದಷ್ಟು ಏಟಿಲ್ಲ. ಆದರೆ ಚೂಪು ಅಂಚಿಗೆ ಉಜ್ಜಿದರೆ ಕತ್ತರಿಸುತ್ತದೆ. ಒರಟು ಕಬ್ಬಿಣದ ಹುಕ್ ಇರುವ ಗಾಡಿಗೆ ಬೋ ಶ್ಯಾಕಲ್ಲೇ ವಾಸಿ. ಎರಡು ಪಟ್ಟಿ ಜೋಡಿಸುವಾಗ ಮಾತ್ರ ನಡುವೆ ಕಬ್ಬಿಣದ ಶ್ಯಾಕಲ್ ಹಾಕಲೇಬಾರದು, ಪಟ್ಟಿ ತುಂಡಾದರೆ ಅದೇ ಗುಂಡು.

ಟ್ರ್ಯಾಕ್ಟರ್ ಕರೆಸಿದಾಗ

ನಮ್ಮಲ್ಲಿ ಕೊನೆಗೆ ಬರೋದು ಪಕ್ಕದ ಮನೆಯ ಟ್ರ್ಯಾಕ್ಟರ್ರೇ. ಅದಕ್ಕೆ ಓಡಿ ಜಗ್ಗುವ ಕೆಲಸ ಬೇಡ, ನಿಧಾನವಾಗಿ ಬಿಗಿ ಮಾಡಿ ಎಳೆಯುವ ಶಕ್ತಿ ಅದಕ್ಕಿದೆ. ಹಾಗಾಗಿ ಹಿಗ್ಗದ ಪಾಲಿಯೆಸ್ಟರ್ ಪಟ್ಟಿ ಸಾಕು. ಹಗ್ಗವನ್ನು ಕಟ್ಟೋದು ಹಿಂದಿನ ಕೆಳಗಿನ ಡ್ರಾಬಾರ್‌ಗೆ ಮಾತ್ರ. ಟಾಪ್ ಲಿಂಕ್‌ಗೋ, ಸೀಟಿನ ಕೆಳಗಿನ ಎತ್ತರದ ಜಾಗಕ್ಕೋ ಕಟ್ಟಿದರೆ, ಹೂತ ಗಾಡಿ ಅಲುಗಾಡದೇ ಇದ್ದಾಗ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆ ಮಗುಚಿ ಬೀಳುತ್ತದೆ. ಕ್ಲಚ್ ಒತ್ತುವಷ್ಟೂ ಸಮಯ ಸಿಗಲ್ಲ.

ಯಾವುದರಲ್ಲಿ ಎಳೆದರೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಹಗ್ಗದ ನೇರಕ್ಕೆ ಬರದಂತೆ ಜನ ನಿಲ್ಲಬೇಕು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ತುಂಡಾದಾಗ ಹಾರುವ ರಭಸ ತಗ್ಗುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡುವವರಿಗೂ ಇದೇ ಮಾತು.

ವಿಂಚ್ ಎಲ್ಲರಿಗೂ ಬೇಕಾ?

ಒಬ್ಬರೇ ಓಡಾಡುವ, ಟ್ರ್ಯಾಕ್ಟರ್ ಬರದ ಜಾಗದ ತೋಟದವರಿಗೆ ಮಾತ್ರ ಅದು ಕಾಸಿಗೆ ತಕ್ಕ ಸಾಮಾನು. ಉಳಿದವರಿಗೆ ಆ ದುಡ್ಡಲ್ಲಿ ಬೇರೆಲ್ಲಾ ಬಂದು ಮಿಗುತ್ತದೆ. ಕೊಳ್ಳುವುದಾದರೆ ಶಕ್ತಿ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಬೇಕು. ಡಬ್ಬದ ಮೇಲಿನ 9,500 ಪೌಂಡ್ ಅಂದರೆ ಸುಮಾರು 4,300 ಕೆ.ಜಿ. ಆದರೆ ಆ ಅಂಕಿ ಡ್ರಮ್ ಮೇಲೆ ಹಗ್ಗದ ಒಂದೇ ಪದರ ಉಳಿದಾಗಿನ ಲೆಕ್ಕ. ಪದರ ಹೆಚ್ಚಾದಂತೆ ಎಳೆಯುವ ಬಲ ಇಳಿಯುತ್ತದೆ. ಸ್ನ್ಯಾಚ್ ಬ್ಲಾಕ್ ಅನ್ನುವ ರಾಟೆ ಸೇರಿಸಿದರೆ ಬಲ ಹತ್ತಿರ ಹತ್ತಿರ ಎರಡು ಪಟ್ಟು, ವೇಗ ಅರ್ಧ. ಪೂರ್ತಿ ಭಾರದಲ್ಲಿ ವಿಂಚ್ 400 ಆಂಪಿಯರ್ ಆಸುಪಾಸು ಎಳೆಯುವುದರಿಂದ ಹಳೇ ಬ್ಯಾಟರಿ ಇದ್ದರೆ ವಿಂಚ್‌ಗೂ ಮೊದಲು ಅದನ್ನು ಬದಲಿಸಬೇಕು.

ಮರಕ್ಕೆ ಕಟ್ಟುವಾಗ ಉಕ್ಕಿನ ಹಗ್ಗ ನೇರ ಸುತ್ತದೆ ಅಗಲದ ಪಟ್ಟಿ ಬಳಸಬೇಕು. ತೋಟದ ಸಿಲ್ವರ್ ಓಕ್ ನೇರವಾಗಿ ನಿಂತಿರುತ್ತದೆ, ಕೈಗೂ ಸಿಗುತ್ತದೆ. ಆದರೆ ಮಳೆಯಲ್ಲಿ ಮಣ್ಣು ನೆನೆದಾಗ ಅದು ಉರುಳುವುದು ಇಲ್ಲಿ ಯಾರಿಗೂ ಹೊಸದಲ್ಲ. ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಸೀಳಿದರೆ ತೋಟದ ಯಜಮಾನರಿಗೆ ಉತ್ತರ ಕೊಡೋದು ಗಾಡಿ ಎಳೆಯುವುದಕ್ಕಿಂತ ಕಷ್ಟ.

ವಿಂಚ್ ಕೂರಿಸೋಕೆ ಅಂತ ಮುಂದೆ ಬುಲ್ ಬಾರ್ ಹಾಕಿಸುವವರಿಗೆ ಇನ್ನೊಂದು ತೊಡಕಿದೆ. ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿಗೆ ಮಿತಿ ಹಾಕಿದೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಳಸಿದ ಮೇಲೆ ಪಟ್ಟಿ, ಹಗ್ಗಗಳನ್ನು ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ನೈಲಾನ್ ನೆನೆದಿದ್ದಾಗ ಅದರ ಶಕ್ತಿ ಕಡಿಮೆ, ಒಳಗೆ ಕೂತ ಮಣ್ಣಿನ ಕಣ ನಾರನ್ನು ಒಳಗೊಳಗೇ ಕೊಯ್ಯುತ್ತದೆ. ಒಂದೆರಡು ಸಲ ಜಗ್ಗಿದ ಮೇಲೆ ಪಟ್ಟಿಗೆ ಬಿಡುವು ಕೊಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಹೊಲಿಗೆ ಬಿಚ್ಚಿದ, ಅಂಚು ಹರಿದ, ಗೋದಾಮಿನಲ್ಲಿ ಇಲಿ ಕಡಿದ ಪಟ್ಟಿಯನ್ನು ಇಡಬಾರದು. ಎಸೆಯುವಾಗ ಎರಡು ತುಂಡು ಮಾಡಿಯೇ ಎಸೆಯಬೇಕು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಯಾರೋ ಅದನ್ನೇ ತೆಗೆದು ಜೀಪಿಗೆ ಕಟ್ಟುತ್ತಾರೆ.