ಓದಿದ ಮಗ ಹೊಲಕ್ಕೆ ಮರಳಿದರೆ

ರೈತ ಬಾಂಧವರೇ, ಸಾಲ ಮಾಡಿ ಓದಿಸಿದ ಮಗ ಒಂದು ದಿನ ಊರಿಗೆ ಬಂದು, ‘ಅಪ್ಪಾ, ನನಗೆ ನೌಕರಿ ಬೇಡ, ಬೇಸಾಯ ಮಾಡುತ್ತೇನೆ’ ಎಂದರೆ ನೀವು ಏನು ಹೇಳುವಿರಿ? ಎದೆ ಧಸಕ್ಕೆನ್ನುವುದು ಸಹಜ. ಊರವರು ಆಡಿಕೊಂಡಾರೆಂಬ ಅಂಜಿಕೆ ಬೇರೆ. ಅಂಥದೇ ಒಬ್ಬ ತಂದೆ, ಒಬ್ಬ ಮಗನ ಸಂಗತಿ ಇಲ್ಲಿದೆ. ಊರು ಜಪಾನಿನದು, ಸಂಕಟ ಮಾತ್ರ ನಮ್ಮದೇ.

ಮಸನೊಬು ಫುಕುವೋಕಾ ಹುಟ್ಟಿದ್ದು 1913ರಲ್ಲಿ, ಶಿಕೊಕು ದ್ವೀಪದಲ್ಲಿ. ಸಸ್ಯರೋಗಗಳ ವಿಷಯವನ್ನು ಓದಿ, ಯೊಕೊಹಾಮಾ ಬಂದರಿನ ಸುಂಕದ ಕಚೇರಿಯಲ್ಲಿ ಸಸ್ಯ ತಪಾಸಣೆಯ ನೌಕರಿ ಹಿಡಿದರು. 1937ರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಗುಣವಾದ ಮೇಲೆ, ಪ್ರಕೃತಿಯ ಮುಂದೆ ತಾನು ಓದಿದ್ದು ಏನೂ ಅಲ್ಲವೆಂದು ಅವರಿಗೆ ತೋರಿತು. ರಾಜೀನಾಮೆ ಕೊಟ್ಟು ತಂದೆಯ ಕಿತ್ತಳೆ ತೋಟಕ್ಕೆ ಬಂದರು.

ಬಂದವರು ಗಿಡಗಳನ್ನು ಸವರುವುದನ್ನೇ ನಿಲ್ಲಿಸಿದರು. ವರ್ಷಾನುಗಟ್ಟಲೆ ಸವರಿ ಬೆಳೆಸಿದ ಗಿಡಗಳು ಅವು. ಕೊಂಬೆಗೆ ಕೊಂಬೆ ಹೆಣೆದುಕೊಂಡಿತು, ಹುಳು ಬಿತ್ತು, ಗಿಡಗಳು ಒಣಗಿದವು. ‘ಎಲ್ಲಾದರೂ ಕೆಲಸಕ್ಕೆ ಸೇರು’ ಎಂದರು ತಂದೆ. ಮಗ ಕೊಚಿ ಪ್ರಾಂತದ ಕೃಷಿ ಸಂಶೋಧನಾ ಕೇಂದ್ರ ಸೇರಿ, ಮಹಾಯುದ್ಧ ಮುಗಿಯುವವರೆಗೂ ದುಡಿದರು. ಆ ಕಾಲ ವ್ಯರ್ಥವಾಗಲಿಲ್ಲ. ಗೊಬ್ಬರ, ಔಷಧಿ ಹಾಕಿದ ಬೆಳೆಯನ್ನೂ ಹಾಕದ ಬೆಳೆಯನ್ನೂ ಹೋಲಿಸಿ ನೋಡಿದರು.

ಯುದ್ಧದ ನಂತರ ಮತ್ತೆ ಹೊಲಕ್ಕಿಳಿದರು. ಉಳುಮೆಯಿಲ್ಲ, ರಾಸಾಯನಿಕ ಗೊಬ್ಬರವಿಲ್ಲ. ಭತ್ತದ ಪೈರು ನಿಂತಿರುವಾಗಲೇ ನಡುವೆ ಜವೆಗೋಧಿಯನ್ನೂ ಕ್ಲೋವರ್ ಎಂಬ ದ್ವಿದಳ ಸೊಪ್ಪಿನ ಬೀಜವನ್ನೂ ಎರಚುವುದು; ಒಕ್ಕಣೆಯಾದ ಮೇಲೆ ಹುಲ್ಲನ್ನೆಲ್ಲ ಹೊಲಕ್ಕೇ ಹರಡುವುದು. ಕಾಲು ಎಕರೆಗೆ ಸುಮಾರು 590 ಕಿಲೋ ಇಳುವರಿ ಬಂತೆಂದು ಅವರೇ ಬರೆದಿದ್ದಾರೆ. ಆ ಪುಸ್ತಕ 1975ರಲ್ಲಿ ಹೊರಬಂದು ದೇಶ ದೇಶಗಳನ್ನು ಮುಟ್ಟಿತು. 1988ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 2008ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ವಿಚಾರವನ್ನು ‘ಸಹಜ ಕೃಷಿ’ ಪುಸ್ತಕದ ಮೂಲಕ ಕನ್ನಡಿಗರಿಗೆ ತಿಳಿಸಿದ ಪೂರ್ಣಚಂದ್ರ ತೇಜಸ್ವಿಯವರೂ ಇದೇ ದಾರಿಯವರು. ತಂದೆ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು. ಮಗ ಎಂ.ಎ. ಓದಿಯೂ ಅಧ್ಯಾಪಕರಾಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು.

ಜಪಾನಿನ ಮಳೆ, ಮಣ್ಣು ಬೇರೆ. ಅವರ ಪದ್ಧತಿಯನ್ನು ಹಾಗೆಯೇ ನಕಲು ಮಾಡುವುದು ಸಲ್ಲದು. ಕಲಿಯಬೇಕಾದದ್ದು ಒಣಗಿದ ಕಿತ್ತಳೆ ಗಿಡಗಳಿಂದ. ಆಸೆಯೊಂದಿದ್ದರೆ ಸಾಲದು, ಕಸುಬೂ ಗೊತ್ತಿರಬೇಕು.

ಹಿರಿಯರೇ, ಮಗ ಬಂದು ಕೇಳಿದರೆ ಸಿಟ್ಟಾಗಬೇಡಿ. ಒಂದು ಮೂಲೆಯಲ್ಲಿ ಹತ್ತು ಗುಂಟೆ ಬಿಟ್ಟುಕೊಡಿ. ಖರ್ಚು, ಇಳುವರಿಯ ಲೆಕ್ಕ ಬರೆದಿಡಲು ಹೇಳಿ, ಮೂರು ಬೆಳೆ ಕಾಯಿರಿ. ತರುಣರೇ, ಮೊದಲ ವರ್ಷವೇ ಅಪ್ಪನ ಇಡೀ ತೋಟಕ್ಕೆ ಕೈಹಾಕಬೇಡಿ. ಅಪ್ಪ ಗಿಡ ಸವರುತ್ತಿದ್ದುದು ಏಕೆಂದು ಮೊದಲು ಅವರನ್ನೇ ಕೇಳಿ ತಿಳಿಯಿರಿ.