ಮಿಂಚಂಚೆಯ ಪಟ್ಟಿಯೂ ಫೈರ್‌ವಾಲಿನ ಸೂತ್ರಕ್ರಮವೂ

ಸಾಮಾನ್ಯವಿಧಿಗೂ ವಿಶೇಷವಿಧಿಗೂ ವಿರೋಧವುಂಟಾದಲ್ಲಿ ವಿಶೇಷವೇ ಬಲವತ್ತರವೆಂಬುದು ವೈಯಾಕರಣರಿಗೂ ಮೀಮಾಂಸಕರಿಗೂ ಸಮ್ಮತವಾದ ನ್ಯಾಯ. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನದಲ್ಲಿ ನ್ಯಾಸ, ಭಾಟ್ಟ, ಪ್ರಾಭಾಕರ ಶಾಸ್ತ್ರಗಳ ಪಾಠ ನಡೆಯುತ್ತಿದ್ದುದನ್ನೂ, ಗ್ರಂಥರಕ್ಷಣೆಗೆ ಸರಸ್ವತೀ ಭಂಡಾರಿಗರು ಆರು ಮಂದಿ ಇದ್ದುದನ್ನೂ ಕ್ರಿ.ಶ. 1058ರ ಶಾಸನವು ತಿಳಿಸುತ್ತದೆ. ಇಂದಿನ ಗ್ರಂಥಭಂಡಾರವು ಸರ್ವರ್ ಎಂಬ ಯಂತ್ರ. ಅದರ ಬಾಗಿಲುಗಾವಲು ಫೈರ್‌ವಾಲ್. ಈ ಕಾವಲಿನ ಸೂತ್ರಗಳಿಗೆ ಮೇಲಣ ನ್ಯಾಯವನ್ನು ಹಾಗೆಯೇ ಅನ್ವಯಿಸಿದರೆ ಅನರ್ಥವಾಗುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಿದರ್ಶನಾರ್ಥವಾಗಿ, ಚಂದ್ರಂಪಳ್ಳಿಯ ಉಪಾಧ್ಯಾಯರೊಬ್ಬರು ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಗಳ ವಾಚಕರ ಪಟ್ಟಿಯೊಂದನ್ನು ಸರ್ವರಿನಲ್ಲಿಟ್ಟು, ಒಂದು ಸ್ಕ್ರಿಪ್ಟಿನ ಮೂಲಕ ವಾರಕ್ಕೊಮ್ಮೆ ಎಲ್ಲರಿಗೂ ಮಿಂಚಂಚೆ ಕಳುಹುತ್ತಾರೆಂದು ಭಾವಿಸೋಣ. ಒಂದು ವಾರ ಯಾರಿಗೂ ಪತ್ರ ತಲುಪಲಿಲ್ಲ. ದೋಷವು ಸ್ಕ್ರಿಪ್ಟಿನಲ್ಲಿರಬಹುದು, ಇಲ್ಲವೆ ಮಾರ್ಗದಲ್ಲಿರಬಹುದು. ಇದರ ನಿರ್ಣಯಕ್ಕೆ ಅನ್ವಯವ್ಯತಿರೇಕಗಳೇ ಸಾಧನ. ಅದೇ ಸರ್ವರಿನಿಂದ ಸ್ಕ್ರಿಪ್ಟಿಲ್ಲದೆ, ಅದೇ ಮಾರ್ಗವಾಗಿ, ಒಂದೇ ಪತ್ರವನ್ನು ಕೈಯಾರೆ ಕಳುಹಬೇಕು. ಅದು ತಲುಪಿದರೆ ಮಾರ್ಗವು ಶುದ್ಧ; ಸ್ಕ್ರಿಪ್ಟೇ ವಿಚಾರಣೀಯ. ಕೈಯಿಂದ ನಡೆಸಿದಾಗ ಓಡುವ ಸ್ಕ್ರಿಪ್ಟು ನಿಯತಕಾಲದಲ್ಲಿ ತಾನಾಗಿ ಓಡದಿದ್ದರೆ, ಅದನ್ನು ನಡೆಸುವವನ ಅಧಿಕಾರವೂ ಕಡತಗಳನ್ನು ಹುಡುಕುವ ದಾರಿಯೂ ಬೇರೆಯಾಗಿರುವುದೇ ಬಹುಮಟ್ಟಿಗೆ ಕಾರಣ.

ಕೈಯಿಂದ ಕಳುಹಿದ ಪತ್ರವೂ ತಲುಪದಿದ್ದರೆ ಅಂಚೆಯ ದಿನಚರಿ ಕಡತವನ್ನು ನೋಡಬೇಕು. ಸಂಪರ್ಕವು ತತ್‌ಕ್ಷಣ ನಿರಾಕೃತವಾದರೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ, ಅಥವಾ ಕಾವಲು ಬಾಯಿಬಿಟ್ಟು 'ಇಲ್ಲ' ಎಂದಿದೆ. ಬಹುಹೊತ್ತು ಮೌನವಿದ್ದು ಅವಧಿ ಮೀರಿದರೆ, ಬಹುಶಃ ಕಾವಲು ಮಾತಿಲ್ಲದೆ ಪೊಟ್ಟಣಗಳನ್ನು ಕೈಬಿಡುತ್ತಿದೆ.

ಇನ್ನು ಮುಖ್ಯವಿಷಯ. ಲಿನಕ್ಸ್ ಸರ್ವರುಗಳಲ್ಲಿ ಪರಿಚಿತವಾದ ಐಪಿಟೇಬಲ್ಸ್ ಎಂಬ ಕಾವಲು ಸೂತ್ರಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಬಿಡು ಅಥವಾ ತಡೆ ಎಂದು ಮೊದಲು ಹೊಂದಿದ ಸೂತ್ರವೇ ನಿರ್ಣಾಯಕ. ಪಾಣಿನಿಯು ಅಷ್ಟಾಧ್ಯಾಯಿಯ 1.4.2ರಲ್ಲಿ ತುಲ್ಯಬಲವಿರೋಧದಲ್ಲಿ ಪರಸೂತ್ರಕ್ಕೆ ಬಲವಿತ್ತನು. ಇಲ್ಲಿ ಪೂರ್ವಕ್ಕೇ ಬಲ. ಅಲ್ಲಿ ಅಪವಾದವು ಎಲ್ಲಿದ್ದರೂ ಉತ್ಸರ್ಗವನ್ನು ಬಾಧಿಸುವುದು. ಇಲ್ಲಿ 'ಎಲ್ಲವನ್ನೂ ತಡೆ' ಎಂಬ ಉತ್ಸರ್ಗದ ಕೆಳಗೆ '587ನೆಯ ಪೋರ್ಟಿಗೆ ಹೋಗುವುದನ್ನು ಬಿಡು' ಎಂಬ ಅಪವಾದವನ್ನು ಬರೆದರೆ ಅದು ನಿಷ್ಫಲ. ಎಂಟನೆಯ ಅಧ್ಯಾಯದ ಕೊನೆಯ ಮೂರು ಪಾದಗಳಲ್ಲಿ ಪರಸೂತ್ರವು ಪೂರ್ವಸೂತ್ರಕ್ಕೆ ಅಸಿದ್ಧವಾಗಿರುವ ಕ್ರಮವೇ ಇದಕ್ಕೆ ಕೊಂಚ ಹತ್ತಿರವಾದುದು.

'ಎ' ಎಂಬ ಸಂಕೇತದ ಆಜ್ಞೆಯು ಸೂತ್ರವನ್ನು ಸಾಲಿನ ಕೊನೆಗೆ ಸೇರಿಸುವುದರಿಂದ ಈ ತೊಡಕು ಸುಲಭವಾಗಿ ಬರುತ್ತದೆ. ಪಟ್ಟಿಯಲ್ಲಿ ಸೂತ್ರವು ಕಾಣುವುದು, ಕಾರ್ಯವು ಮಾತ್ರ ಕಾಣದು. ಪ್ರತಿಸೂತ್ರಕ್ಕೂ ಎಷ್ಟು ಪೊಟ್ಟಣಗಳು ಹೊಂದಿದವೆಂಬ ಎಣಿಕೆಯನ್ನು ಯಂತ್ರವೇ ಇಟ್ಟಿರುತ್ತದೆ. ಪತ್ರ ಕಳುಹಿದ ಮೇಲೂ ಆ ಎಣಿಕೆ ಸೊನ್ನೆಯಾಗಿಯೇ ಉಳಿದರೆ ಸೂತ್ರಕ್ಕೆ ಅವಕಾಶವೇ ದೊರೆತಿಲ್ಲವೆಂದು ತಿಳಿಯಬೇಕು. ಆಗ 'ಐ' ಎಂಬ ಆಜ್ಞೆಯಿಂದ ಅದನ್ನು ಉತ್ಸರ್ಗದ ಮೇಲೆ ತರಬೇಕು. ಹೊರಗೆ ಹೋದ ಮಾತಿಗೆ ಬರುವ ಉತ್ತರವನ್ನು ಒಳಬಿಡುವ ಸೂತ್ರವೂ ಇರಬೇಕು. ಎಣಿಕೆಯು ಏರಿದರೂ ಮೌನವೇ ಮುಂದುವರಿದರೆ ತಡೆಯು ಸರ್ವರಿನ ಹೊರಗಿರಬಹುದು. ಸರ್ವರನ್ನು ಬಾಡಿಗೆಗೆ ಕೊಡುವ ಅನೇಕ ಸಂಸ್ಥೆಗಳು ಕಳ್ಳಪತ್ರಗಳ ಭಯದಿಂದ 25ನೆಯ ಪೋರ್ಟನ್ನು ಮುಚ್ಚಿರುತ್ತವೆ. ಅಂಥಲ್ಲಿ ಗುರುತು ಹೇಳಿ ಒಪ್ಪಿಸುವ 587ನೆಯ ಪೋರ್ಟೇ ಮಾರ್ಗ.

ಸೂತ್ರಗಳನ್ನೆಲ್ಲ ಒಮ್ಮೆಗೇ ಅಳಿಸಿಬಿಟ್ಟರೆ ಪತ್ರ ಹೋಗುವುದಲ್ಲವೇ ಎಂದು ಕೇಳಬಹುದು. ಮೂಲನೀತಿಯು 'ಬಿಡು' ಎಂದಿದ್ದರೆ ಹೋದೀತು. ಆದರೆ ಕಾವಲಿಲ್ಲದ ಬಾಗಿಲಿನಲ್ಲಿ ವಾಚಕರ ವಿಳಾಸಗಳೂ ಭಂಡಾರದ ಗ್ರಂಥಗಳೂ ಅಪಾಯಕ್ಕೆ ತೆರೆದಂತಾಯಿತು. ಮೂಲನೀತಿಯು 'ತಡೆ' ಎಂದಿದ್ದರೆ, ದೂರದಿಂದ 22ನೆಯ ಪೋರ್ಟಿನ ಮೂಲಕ ಒಳಹೊಕ್ಕು ಕೆಲಸಮಾಡುವ ಸ್ವಾಮಿಯೇ ಹೊರಗೆ ನಿಲ್ಲಬೇಕಾಗುವುದು. ಆದುದರಿಂದ ಒಂದು ವೇಳೆಗೆ ಒಂದೇ ಸೂತ್ರವನ್ನು ಬದಲಿಸಿ, ಫಲವನ್ನು ಪರೀಕ್ಷಿಸಿ, ಸರಿಯಾದುದನ್ನು ಯಂತ್ರವು ಪುನಃ ಆರಂಭವಾದಾಗಲೂ ಉಳಿಯುವಂತೆ ಕಾದಿರಿಸುವುದೇ ಯುಕ್ತ. ಸೂತ್ರದ ಅರ್ಥವನ್ನು ಬಲ್ಲವನು ಅದರ ಸ್ಥಾನವನ್ನೂ ಬಲ್ಲವನಾಗಿರಬೇಕೆಂಬುದು ಇಲ್ಲಿಯ ಸಿದ್ಧಾಂತ.