ಮಕ್ಕಳಿಗೂ ಬರುವ ಥೈರಾಯಿಡ್ ಕ್ಯಾನ್ಸರ್

ಮಕ್ಕಳಲ್ಲಿ ಕಾಣುವ ಕ್ಯಾನ್ಸರ್ ಸಾಮಾನ್ಯವಾಗಿ ರಕ್ತದ್ದು, ಮೆದುಳಿನದು ಇಲ್ಲವೆ ದುಗ್ಧಗ್ರಂಥಿಗಳದು. ದೊಡ್ಡವರಿಗೆ ಬರುವ ಥೈರಾಯಿಡ್, ದೊಡ್ಡ ಕರುಳು ಮುಂತಾದ ಕ್ಯಾನ್ಸರ್‌ಗಳು ಮಕ್ಕಳಲ್ಲಿ ಬಲು ಅಪರೂಪ. ಅಪರೂಪವಾದ್ದರಿಂದಲೇ ಗುರುತಿಸುವುದು ತಡವಾಗುತ್ತದೆ. ಇಲ್ಲಿ ಥೈರಾಯಿಡ್ ಕ್ಯಾನ್ಸರ್ ಬಗ್ಗೆ ಮಾತ್ರ ತಿಳಿಸುತ್ತೇವೆ.

ಮಗುವಿನ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಕಂಡರೆ ನಮ್ಮ ಕಡೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜವೇ. ಆದರೆ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದು ಸರಿಯಲ್ಲ. ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ ಮಾಡಿಸಿರಿ.

"ಗ್ರಂಥಿಗಳಿಗೂ ಶ್ವಾಸಕೋಶಕ್ಕೂ ಹರಡಿದೆ" ಎಂಬ ಮಾತು ಕೇಳಿದೊಡನೆ ಅನೇಕ ಪಾಲಕರು ಕೈಚೆಲ್ಲಿ ಮಗುವನ್ನು ಮನೆಗೆ ಕರೆದೊಯ್ಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಈ ರೋಗ ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು ಹರಡಿರುತ್ತದೆ, ಆದರೂ ಮಕ್ಕಳೇ ಹೆಚ್ಚು ಚೆನ್ನಾಗಿ ಗುಣ ಹೊಂದುತ್ತಾರೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ವಿಕಿರಣಕ್ಕೆ ಎಳೆಯ ವಯಸ್ಸಿನಲ್ಲಿ ಸಿಕ್ಕವರ ಪೈಕಿ 2005ರವರೆಗೆ 6000ಕ್ಕೂ ಹೆಚ್ಚು ಜನರಿಗೆ ಥೈರಾಯಿಡ್ ಕ್ಯಾನ್ಸರ್ ಬಂದಿತ್ತು. ಅದರಿಂದ ತೀರಿಕೊಂಡವರು 15 ಮಂದಿ. (ನಮ್ಮ ಮಕ್ಕಳಿಗೆ ಇದು ಬರಲು ಅಂಥ ಕಾರಣವೇ ಇರಬೇಕೆಂದಿಲ್ಲ. ಬಹುತೇಕರಲ್ಲಿ ಕಾರಣ ತಿಳಿಯುವುದೇ ಇಲ್ಲ.)

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಸಾಮಾನ್ಯವಾಗಿ ಇಡೀ ಗ್ರಂಥಿಯನ್ನು ತೆಗೆಯುತ್ತಾರೆ. ಧ್ವನಿಯ ನರವೂ ಸುಣ್ಣದಂಶವನ್ನು ಕಾಯುವ ಪುಟ್ಟ ಗ್ರಂಥಿಗಳೂ ಅಲ್ಲೇ ಅಂಟಿಕೊಂಡಿರುತ್ತವೆ. ಆದ್ದರಿಂದ ಥೈರಾಯಿಡ್ ಆಪರೇಶನ್ನಿನಲ್ಲಿ ನುರಿತ ಸರ್ಜನ್ ಮತ್ತು ಮಕ್ಕಳ ಕ್ಯಾನ್ಸರ್ ತಜ್ಞರು ಇಬ್ಬರೂ ಕೂಡಿ ನೋಡುವಂಥ ಆಸ್ಪತ್ರೆಗೇ ಹೋಗಿರಿ. ದೂರವಾದರೂ ಚಿಂತೆಯಿಲ್ಲ. ಆಪರೇಶನ್ ನಂತರ ಬೆರಳು, ತುಟಿ ಜುಮ್ಮೆಂದರೆ ತಕ್ಷಣ ತಿಳಿಸಿರಿ. ಅದು ಕ್ಯಾಲ್ಸಿಯಂ ಇಳಿದ ಲಕ್ಷಣ.

ರೋಗ ಹರಡಿದ್ದರೆ ವಿಕಿರಣಯುಕ್ತ ಅಯೋಡಿನ್ ಕೊಡುತ್ತಾರೆ. ಥೈರಾಯಿಡ್ ಜೀವಕೋಶಗಳು ಎಲ್ಲೇ ಇರಲಿ, ಅಯೋಡಿನ್ ಹೀರಿಕೊಂಡು ಅದರಿಂದಲೇ ನಾಶವಾಗುತ್ತವೆ. ಆಗ ಕೆಲವು ದಿನ ಮಗು ಪ್ರತ್ಯೇಕವಾಗಿರಬೇಕು. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಹತ್ತಿರ ಸುಳಿಯಬಾರದು. ಎಲ್ಲ ಮಕ್ಕಳಿಗೂ ಇದು ಬೇಕಾಗುವುದಿಲ್ಲ.

ಗ್ರಂಥಿ ತೆಗೆದ ಮೇಲೆ ಥೈರಾಕ್ಸಿನ್ ಮಾತ್ರೆ ಜೀವನಪರ್ಯಂತ ಬೇಕು. ಗಂಟು ಹೋಯಿತಲ್ಲ ಎಂದು ನಿಲ್ಲಿಸಿದರೆ ಮಗುವಿನ ಬೆಳವಣಿಗೆ, ಓದು ಎರಡೂ ಕುಂಠಿತವಾಗುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಕೊಡಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ 4 ತಾಸು ಬಿಟ್ಟು ಕೊಡಿರಿ. ಮಗು ಬೆಳೆದಂತೆ ಪ್ರಮಾಣ ಬದಲಾಗುತ್ತದೆ, ರಕ್ತ ಪರೀಕ್ಷೆ ತಪ್ಪಿಸಬೇಡಿರಿ. ಹೆಣ್ಣುಮಕ್ಕಳ ಪಾಲಕರು ಮೆಲ್ಲಗೆ ಕೇಳುವ ಪ್ರಶ್ನೆಯೊಂದಿದೆ: ಮುಂದೆ ಮದುವೆ, ಮಕ್ಕಳು? ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಎರಡಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗರ್ಭಿಣಿಯಾದಾಗ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುವುದರಿಂದ ಕೂಡಲೇ ವೈದ್ಯರನ್ನು ಕಾಣಬೇಕು.